ಅಂಟಾಗುವ, ಬಾಗುವ, ಬಿರಿಯುವ ಸಂಗ್ರಹದ ಗೊಂಬೆಗಳು: ದೋಷ ಗುರುತಿಸಿ ತಯಾರಕರಿಂದ ಉತ್ತರ ಪಡೆಯಲು ಸಮಗ್ರ ಮಾರ್ಗದರ್ಶಿ

ಮಾರ್ಚ್‌ನಿಂದ ಮೇ ಕೊನೆಯವರೆಗೆ ತುಮಕೂರಿನ ಮನೆಗಳ ಮೇಲಂತಸ್ತಿನ ಕೋಣೆಗಳು ರಾತ್ರಿಯಾದರೂ ಬೇಗ ತಣಿಯುವುದಿಲ್ಲ. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ತನ್ನ ಬಿಸಿಯನ್ನು ನಿಧಾನವಾಗಿ ಒಳಕ್ಕೆ ಬಿಡುತ್ತಲೇ ಇರುತ್ತದೆ. ಶೋಕೇಸಿನಲ್ಲಿ ಸಾಲಾಗಿ ನಿಲ್ಲಿಸಿದ ಸಂಗ್ರಹದ ಗೊಂಬೆಗಳ ಮೈ ಅಂಟಾಗುವುದು, ಕಾಲು ಬಾಗಿ ಗೊಂಬೆ ಮುಂದಕ್ಕೆ ವಾಲುವುದು, ಕೀಲು ಪಟ್ಟನೆ ಮುರಿಯುವುದು ಹೆಚ್ಚಾಗಿ ಕಣ್ಣಿಗೆ ಬೀಳುವುದು ಈ ತಿಂಗಳುಗಳಲ್ಲೇ. ಸಾವಿರಾರು ರೂಪಾಯಿ ಕೊಟ್ಟು ತಂದವರು ಮಾರಿದವರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಒಂದೇ ಉತ್ತರ: "ನೀವು ಬಿಸಿಯಲ್ಲಿ ಇಟ್ಟಿದ್ದೀರಿ, ನಮ್ಮ ಜವಾಬ್ದಾರಿ ಇಲ್ಲ." ಈ ಉತ್ತರ ಕೆಲವು ಸಲ ಸರಿ, ಹಲವು ಸಲ ತಪ್ಪು. ಯಾವಾಗ ಸರಿ, ಯಾವಾಗ ತಪ್ಪು ಎಂಬುದನ್ನು ಗೊಂಬೆ ಯಾವ ವಸ್ತುವಿನಿಂದ ಆಗಿದೆ, ಅದು ಯಾವ ರೀತಿಯಲ್ಲಿ ಕೆಟ್ಟಿದೆ ಎಂಬುದರಿಂದಲೇ ಬಹುಮಟ್ಟಿಗೆ ತಿಳಿಯಬಹುದು. ಭಾರತದಲ್ಲಿ ಪೂರ್ತಿ ಬೆಲೆಗೆ ಮಾರಿದ ವಸ್ತು ಭಾರತದ ಸಾಮಾನ್ಯ ಮನೆಯ ಬೇಸಿಗೆಯನ್ನು ತಾಳಿಕೊಳ್ಳಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದನ್ನು ಗ್ರಾಹಕರ ವ್ಯಾಜ್ಯಗಳ ಆಯೋಗದ ಮುಂದೆ ನಿಲ್ಲುವಂತೆ ಹೇಳಬೇಕಾದರೆ ಖರೀದಿಸಿದ ದಿನದಿಂದಲೇ ಕೆಲವು ಕೆಲಸಗಳನ್ನು ಕ್ರಮವಾಗಿ ಮಾಡಿಕೊಂಡಿರಬೇಕು.

ಮೊದಲ ಹೆಜ್ಜೆ: ಗೊಂಬೆ ಯಾವುದರಿಂದ ಆಗಿದೆ ಎಂದು ತಿಳಿಯುವುದು

ಪೆಟ್ಟಿಗೆಯ ತಳದಲ್ಲೋ ಹಿಂಬದಿಯಲ್ಲೋ ಸಣ್ಣ ಅಕ್ಷರಗಳಲ್ಲಿ ವಸ್ತುವಿನ ಹೆಸರು ಅಚ್ಚಾಗಿರುತ್ತದೆ. ಜಪಾನಿನ ಕಂಪನಿಗಳ ಗೊಂಬೆಗಳಲ್ಲಿ ಬಹುಪಾಲು ಕಾಣುವ ಹೆಸರುಗಳು ಪಿವಿಸಿ ಮತ್ತು ಎಬಿಎಸ್, ಎರಡೂ ಪ್ಲಾಸ್ಟಿಕ್‌ಗಳೇ. ಮುಖ, ಕೂದಲು, ಬಟ್ಟೆಯ ನೆರಿಗೆಗಳಂಥ ಭಾಗಗಳು ಪಿವಿಸಿಯವು. ಪೀಠ, ಆಯುಧ, ಒಳಗಿನ ಕೀಲುಗಳಂಥ ಗಟ್ಟಿ ಭಾಗಗಳು ಎಬಿಎಸ್‌ನವು. ಅಗ್ಗದ ಜೋಡಣೆ ಕಿಟ್‌ಗಳಲ್ಲಿ ಪಾಲಿಸ್ಟೈರೀನ್, ದೊಡ್ಡ ಪ್ರತಿಮೆಗಳಲ್ಲಿ ಕಲ್ಲಿನ ಪುಡಿ ಬೆರೆಸಿದ ರೆಸಿನ್, ಸಣ್ಣ ಕಾರುಗಳಲ್ಲಿ ಸತುವಿನ ಮಿಶ್ರಲೋಹ, ಬಟ್ಟೆ ತೊಡಿಸಿದ ದೊಡ್ಡ ಗೊಂಬೆಗಳ ಜಾಕೆಟ್ಟು ಮತ್ತು ಬೂಟುಗಳಲ್ಲಿ ಪಾಲಿಯುರೆಥೇನ್ ಲೇಪಿಸಿದ ಕೃತಕ ಚರ್ಮ ಇರುತ್ತದೆ.

ಪೆಟ್ಟಿಗೆ ಕಳೆದುಹೋಗಿದ್ದರೆ ಬಣ್ಣ ಬಳಿಯದ ಒಂದು ಸಣ್ಣ ಬಿಡಿಭಾಗವನ್ನು ಲೋಟದ ನೀರಿಗೆ ಹಾಕಿ ನೋಡಬಹುದು. ಪಾಲಿಪ್ರೊಪಿಲೀನ್ ಮತ್ತು ಪಾಲಿಥೀನ್ ತೇಲುತ್ತವೆ. ಎಬಿಎಸ್ ಮತ್ತು ಪಾಲಿಸ್ಟೈರೀನ್‌ಗಳ ಸಾಂದ್ರತೆ (ನೀರಿನದು 1 ಎಂದುಕೊಂಡರೆ) ಸುಮಾರು 1.05 ಇರುವುದರಿಂದ ಅವು ನಿಧಾನವಾಗಿ ಮುಳುಗುತ್ತವೆ, 1.2ರಿಂದ 1.4ರ ಆಸುಪಾಸಿನಲ್ಲಿರುವ ಪಿವಿಸಿ ಬೇಗ ತಳ ಸೇರುತ್ತದೆ. ಕಾದ ತಾಮ್ರದ ತಂತಿಗೆ ಪ್ಲಾಸ್ಟಿಕ್ ತಾಗಿಸಿ ಹಸಿರು ಜ್ವಾಲೆ ನೋಡುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಬಾರದು, ಏಕೆಂದರೆ ಪಿವಿಸಿ ಸುಟ್ಟಾಗ ಹೊರಡುವ ಹೊಗೆ ಶ್ವಾಸಕೋಶಕ್ಕೆ ಹಾನಿಕರ.

ಎರಡನೆಯ ಹೆಜ್ಜೆ: ಕೆಡುಕು ಎಲ್ಲಿಂದ ಬಂತು ಎಂದು ಓದುವುದು

ಈ ಮಾರ್ಗದರ್ಶಿಯಲ್ಲಿ ಹೆಚ್ಚು ಗಮನ ಬೇಡುವ ಭಾಗ ಇದು. ಮುಂದಿನ ಪತ್ರ, ದೂರು, ವಾದ ಎಲ್ಲವೂ ಈ ಗುರುತಿಸುವಿಕೆಯ ಮೇಲೇ ನಿಲ್ಲುತ್ತವೆ.

ಪಿವಿಸಿ ಹುಟ್ಟುಗುಣದಲ್ಲಿ ಗಟ್ಟಿ ವಸ್ತು. ಮನೆಯ ನೀರಿನ ಪೈಪು ಅದರದೇ. ಗೊಂಬೆಗೆ ಬೇಕಾದ ಮೆದುತನ ಬರಲು ತಯಾರಕರು ಅದಕ್ಕೆ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವವನ್ನು ಬೆರೆಸುತ್ತಾರೆ. ಮೆದುವಾದ ಪಿವಿಸಿಯಲ್ಲಿ ಅದು ತೂಕದ ಕಾಲು ಭಾಗಕ್ಕಿಂತ ಹೆಚ್ಚು ಇರುವುದೂ ಉಂಟು. ಆ ದ್ರವ ಪಿವಿಸಿಯ ಅಣುಗಳೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ನಡುವೆ ಸೇರಿಕೊಂಡಿರುತ್ತದೆ ಅಷ್ಟೇ. ಆದ್ದರಿಂದ ಕಾಲಕ್ರಮೇಣ ಅದು ಮೇಲ್ಮೈಗೆ ಬರುತ್ತದೆ, ಮೈ ಅಂಟಾಗುತ್ತದೆ, ದೂಳು ಹಿಡಿಯುತ್ತದೆ. ಮತ್ತೂ ಮುಂದಕ್ಕೆ ಹೋದರೆ ವಸ್ತು ಗಡುಸಾಗಿ ಕುಗ್ಗುತ್ತದೆ. ಬಿಸಿ ಹೆಚ್ಚಿದಷ್ಟೂ ಈ ವೇಗ ಹೆಚ್ಚುತ್ತದೆ ಎಂಬುದು ನಿಜ. ಆದರೆ ಯಾವ ಪ್ಲಾಸ್ಟಿಸೈಸರನ್ನು ಆರಿಸಬೇಕು, ಎಷ್ಟು ಬೆರೆಸಬೇಕು, ಪಿವಿಸಿಯೊಂದಿಗೆ ಅದು ಎಷ್ಟು ಹೊಂದಿಕೊಳ್ಳುತ್ತದೆ ಎಂಬುದೆಲ್ಲ ಕಾರ್ಖಾನೆಯಲ್ಲಿ ತೀರ್ಮಾನವಾಗುವ ಸಂಗತಿಗಳು. ಒಂದೇ ಕಪಾಟಿನಲ್ಲಿ, ಒಂದೇ ಬಿಸಿಯಲ್ಲಿ ಹತ್ತಾರು ಪಿವಿಸಿ ಗೊಂಬೆಗಳಿದ್ದು, ಅವುಗಳಲ್ಲಿ ಒಂದು ಕಂಪನಿಯ ಒಂದು ಮಾದರಿ ಮಾತ್ರ ವರ್ಷದೊಳಗೆ ಜಿನುಗತೊಡಗಿದರೆ, ಬಿಸಿಯನ್ನು ದೂರುವ ಉತ್ತರಕ್ಕೆ ಬಲವಿಲ್ಲ. ಆ ಪಕ್ಕದ ಗೊಂಬೆಗಳೇ ನಿಮ್ಮ ಮೊದಲ ಸಾಕ್ಷಿ.

ಥ್ಯಾಲೇಟ್ ಎಂಬ ವರ್ಗದ ಪ್ಲಾಸ್ಟಿಸೈಸರ್‌ಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಮಕ್ಕಳ ಆರೋಗ್ಯದ ಕಾರಣಕ್ಕೆ ಐರೋಪ್ಯ ಒಕ್ಕೂಟ 2005ರಲ್ಲಿ, ಅಮೆರಿಕ 2008ರಲ್ಲಿ ಆಟಿಕೆಗಳಲ್ಲಿ ಕೆಲವು ಥ್ಯಾಲೇಟ್‌ಗಳನ್ನು ಶೇಕಡಾ 0.1ರ ಮಿತಿಗೆ ಕಟ್ಟಿಹಾಕಿದವು. ಹೀಗಾಗಿ ತಯಾರಕರು ಬೇರೆ ಪ್ಲಾಸ್ಟಿಸೈಸರ್‌ಗಳಿಗೆ ಬದಲಾಯಿಸಿಕೊಳ್ಳಬೇಕಾಯಿತು. ಆರೋಗ್ಯದ ದೃಷ್ಟಿಯಿಂದ ಅದು ಬೇಕೇ ಬೇಕಾಗಿದ್ದ ಬದಲಾವಣೆ. ಆದರೆ ಹೊಸ ಮಿಶ್ರಣ ಬಾಳಿಕೆ ಬರುತ್ತದೆಯೇ ಎಂದು ಪರೀಕ್ಷಿಸುವ ಹೊಣೆ ತಯಾರಕರದೇ ಹೊರತು ಕೊಂಡವರದಲ್ಲ.

ವಾಲುವುದು ಬೇರೆಯೇ ಸಮಸ್ಯೆ. ಇಡೀ ಗೊಂಬೆಯ ಭಾರ ಒಂದು ಕಾಲಿನ ಸಣ್ಣ ಗಂಟಿನ ಮೇಲೆ ಬೀಳುವಂತೆ ವಿನ್ಯಾಸ ಮಾಡಿ, ಆ ಕಾಲಿನೊಳಗೆ ಲೋಹದ ಕಡ್ಡಿಯನ್ನಾಗಲಿ ಎಬಿಎಸ್ ತಿರುಳನ್ನಾಗಲಿ ಇಡದಿದ್ದರೆ, 35 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಮೆದು ಪಿವಿಸಿ ನಿಧಾನವಾಗಿ ಬಾಗುತ್ತದೆ. ಗಾಜಿನ ಮೇಲೆ ನೇರ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟಿದ್ದರೆ ತಪ್ಪು ಇಟ್ಟವರದು. ನೆರಳಿನ ಕಪಾಟಿನಲ್ಲಿ, ಕೊಟ್ಟ ಪೀಠದ ಮೇಲೇ ನಿಂತು ವಾಲಿದ್ದರೆ ಅದು ವಿನ್ಯಾಸದ ದೋಷ.

ಪ್ಲಾಸ್ಟಿಸೈಸರ್ ತನ್ನ ಗೊಂಬೆಯನ್ನು ಬಿಟ್ಟು ಪಕ್ಕದ ವಸ್ತುವಿಗೆ ದಾಟುವುದೂ ಉಂಟು. ಪರಿಚಿತರೊಬ್ಬರ ಶೋಕೇಸಿನಲ್ಲಿ ಒಂದು ಕಾರಿನ ಮೆದು ಟೈರುಗಳು ಪಾರದರ್ಶಕ ಪಾಲಿಸ್ಟೈರೀನ್ ಪೀಠದೊಳಕ್ಕೆ ನಾಲ್ಕು ಗುಳಿಗಳನ್ನು ಕೊರೆದುಕೊಂಡು ಕೂತಿದ್ದವು. ಕಾರನ್ನು ಎತ್ತಿದಾಗ ಪ್ರತಿ ಗುಳಿಯ ಅಂಚಿನಲ್ಲೂ ಎಣ್ಣೆಯಂಥ ಹೊಳಪಿತ್ತು, ಟೈರಿನ ಅಚ್ಚು ಪೀಠದ ತಳದವರೆಗೂ ಇಳಿದಿತ್ತು. ಇಲ್ಲಿ ಬಿಸಿಯಿಂದ ಏನೂ ಕರಗಿಲ್ಲ. ಪ್ಲಾಸ್ಟಿಸೈಸರ್ ಪಾಲಿಸ್ಟೈರೀನನ್ನು ದ್ರಾವಕದಂತೆ ಮೆತ್ತಗಾಗಿಸಿದೆ. ಕಾರನ್ನೂ ಪೀಠವನ್ನೂ ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ಕೊಟ್ಟಿದ್ದು ತಯಾರಕರೇ ಆಗಿದ್ದರೆ, ಈ ದೋಷಕ್ಕೆ ಬೇರೆ ಯಾರನ್ನೂ ಹೊಣೆ ಮಾಡಲಾಗದು.

ಲೋಹದ ಗೊಂಬೆ ಮತ್ತು ಕಾರುಗಳ ವಿಷಯದಲ್ಲಿ ಮಾತು ಇನ್ನೂ ಸ್ಪಷ್ಟ. ಸತುವಿನ ಮಿಶ್ರಲೋಹದಲ್ಲಿ ಸೀಸ, ತವರ, ಕ್ಯಾಡ್ಮಿಯಂಗಳು ಅತಿ ಸಣ್ಣ ಪ್ರಮಾಣದಲ್ಲಿ ಬೆರೆತರೂ ಲೋಹದ ಹರಳುಗಳ ನಡುವಿನ ಗೆರೆಗಳುದ್ದಕ್ಕೂ ಸವೆತ ಆರಂಭವಾಗುತ್ತದೆ. ಬಣ್ಣ ಉಬ್ಬುತ್ತದೆ, ಬಲೆಯಂಥ ಬಿರುಕುಗಳು ಕಾಣುತ್ತವೆ, ಭಾಗಗಳು ಊದಿಕೊಂಡು ಕೊನೆಗೆ ಬೆರಳಿನಲ್ಲಿ ಪುಡಿಯಾಗುತ್ತವೆ. ಸಂಗ್ರಹಕಾರರು ಇದನ್ನು ಜಿಂಕ್ ಪೆಸ್ಟ್ ಎನ್ನುತ್ತಾರೆ. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ ಶೇಕಡಾ 99.99 ಶುದ್ಧ ಸತುವಿನಿಂದ ಜಾಮಾಕ್ ಮಿಶ್ರಲೋಹವನ್ನು ರೂಪಿಸಿದ್ದು 1929ರಲ್ಲಿ. ಅಂದರೆ ಈ ರೋಗದ ಕಾರಣವೂ ತಡೆಯೂ ಕೈಗಾರಿಕೆಗೆ ಗೊತ್ತಾಗಿ ಬಹುಕಾಲವಾಯಿತು. ತೇವ ಮತ್ತು ಬಿಸಿ ಇದನ್ನು ಬೇಗ ಹೊರಗೆ ತರಬಲ್ಲವು, ಹುಟ್ಟಿಸಲಾರವು. ಜಿಂಕ್ ಪೆಸ್ಟ್ ಕಂಡುಬಂದ ಹೊಸ ಗೊಂಬೆ ಕಾರ್ಖಾನೆಯಲ್ಲೇ ಕೆಟ್ಟು ಬಂದದ್ದು. ಅಲ್ಲಿ ಹಿಂಜರಿಯದೆ ಕೇಳಬೇಕು.

ಉಳಿದವನ್ನು ಬೇಗ ಹೇಳಬಹುದು. ಬಿಳಿ ಎಬಿಎಸ್ ಹಳದಿಯಾಗುವುದಕ್ಕೆ ಬೆಳಕು ಮತ್ತು ಗಾಳಿಯ ಆಮ್ಲಜನಕ ಮುಖ್ಯ ಕಾರಣಗಳು. ಬಿಸಿಲಿಗೆ ಇಟ್ಟವರು ದೂರುವುದು ಕಷ್ಟ. ಕೃತಕ ಚರ್ಮದ ಲೇಪನ ಹೊಪ್ಪಳಿಕೆಯಾಗಿ ಉದುರುವುದು ಗಾಳಿಯ ತೇವದಿಂದ ಪಾಲಿಯುರೆಥೇನ್ ಒಡೆಯುವುದರ ಫಲ. ಬಟ್ಟೆ ಪೆಟ್ಟಿಗೆಯೊಳಗೆ ಮುಟ್ಟದೆ ಇದ್ದರೂ ಇದು ಆಗುತ್ತದೆ, ಆದ್ದರಿಂದ ಇದರ ಬಗ್ಗೆ ಮೊದಲೇ ಎಚ್ಚರಿಸುವುದು ಮಾರುವವರ ಧರ್ಮ. ಲೋಹದ ಪುಡಿ ಬೆರೆಸಿದ ಬಂಗಾರದ ಬಣ್ಣದ ಪ್ಲಾಸ್ಟಿಕ್ ಸಣ್ಣ ಒತ್ತಡಕ್ಕೇ ಬಿರಿಯುವುದು ಹಳೆಯ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳನ್ನು ಸಂಗ್ರಹಿಸುವವರಿಗೆಲ್ಲ ಗೊತ್ತಿರುವ ವಿಷಯ, ಅದೂ ವಸ್ತುವಿನದೇ ದೋಷ. ಸೀಸದ ಹಳೆಯ ಸೈನಿಕ ಗೊಂಬೆಗಳ ಮೈಮೇಲೆ ಬಿಳಿ ಪುಡಿ ಏಳುತ್ತಿದ್ದರೆ ಮಾತ್ರ ಕಪಾಟನ್ನು ನೋಡಿ: ಮರ ಮತ್ತು ಎಂಡಿಎಫ್ ಹಲಗೆಗಳಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ಆ ಪುಡಿ ವಿಷ, ಬರಿಗೈಯಲ್ಲಿ ಮುಟ್ಟಬಾರದು.

ಮೂರನೆಯ ಹೆಜ್ಜೆ: ಪೆಟ್ಟಿಗೆ ತೆರೆದ ದಿನವೇ ದಾಖಲೆ

ಬಿಲ್ ಇಲ್ಲದೆ ಯಾವ ಹಕ್ಕೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಆನ್‌ಲೈನಿನಲ್ಲಿ ಕೊಂಡರೆ ಇನ್‌ವಾಯ್ಸ್ ಇಳಿಸಿಕೊಳ್ಳಿ, ಮಾರಾಟದ ಪುಟದ ವಿವರಣೆಯ ಚಿತ್ರವನ್ನೂ ಉಳಿಸಿಕೊಳ್ಳಿ, ಏಕೆಂದರೆ "ಪ್ರೀಮಿಯಂ ಗುಣಮಟ್ಟ", "ಜೀವಮಾನದ ಸಂಗ್ರಹ" ಎಂಬಂಥ ಮಾತುಗಳು ಆಮೇಲೆ ಪುಟದಿಂದ ಮಾಯವಾಗಬಹುದು. ಬೆಂಗಳೂರಿಗೆ ಹೋಗಿ ಅಂಗಡಿಯಲ್ಲಿ ಕೊಂಡರೆ ಬಿಲ್ಲಿನಲ್ಲಿ ಗೊಂಬೆಯ ಪೂರ್ತಿ ಹೆಸರು ಬರೆಯಿಸಿ; "ಟಾಯ್ - 1" ಎಂದು ಬರೆದ ಬಿಲ್ಲು ವಾದದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಪೆಟ್ಟಿಗೆಯ ಆರೂ ಮುಖಗಳ ಫೋಟೊ ತೆಗೆಯಿರಿ. ಪೊಟ್ಟಣ ಸರಕುಗಳ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಆಮದು ಸರಕಾದರೆ ಮೂಲ ದೇಶ, ಗರಿಷ್ಠ ಚಿಲ್ಲರೆ ಬೆಲೆ, ತಿಂಗಳು-ವರ್ಷ ಮತ್ತು ಗ್ರಾಹಕ ಸೇವೆಯ ಸಂಪರ್ಕ ಪೊಟ್ಟಣದ ಮೇಲೆ ಇರಲೇಬೇಕು. ಜಪಾನ್ ಅಥವಾ ಚೀನಾದ ಪೆಟ್ಟಿಗೆಯ ಮೇಲೆ ಅಂಟಿಸಿರುವ ಆಮದುದಾರರ ಆ ಬಿಳಿ ಚೀಟಿಯೇ ಮುಂದೆ ನಿಮಗೆ ಎಲ್ಲಕ್ಕಿಂತ ಮುಖ್ಯವಾದ ಕಾಗದ. ಚೀಟಿಯೇ ಇಲ್ಲದಿದ್ದರೆ ಸರಕು ನಿಯಮದಂತೆ ಬಂದಿಲ್ಲ ಎಂದರ್ಥ. ಲಾಟ್ ಸಂಖ್ಯೆ, ಅಂದರೆ ಗೊಂಬೆ ತಯಾರಾದ ಬ್ಯಾಚಿನ ಸಂಖ್ಯೆ, ಇದ್ದರೆ ಬರೆದಿಟ್ಟುಕೊಳ್ಳಿ. ಬಿಸಿಯಿಂದ ದೂರವಿಡಬೇಕೆಂಬ ಎಚ್ಚರಿಕೆ ಇದೆಯೇ, ಇದ್ದರೆ ಯಾವ ಭಾಷೆಯಲ್ಲಿದೆ ಎಂದೂ ನೋಡಿ. ಕೊಂಡವರು ಓದಲಾಗದ ಜಪಾನಿ ಅಕ್ಷರಗಳಲ್ಲಿ ಮಾತ್ರ ಅಚ್ಚಾದ ಎಚ್ಚರಿಕೆಯನ್ನು ಎಚ್ಚರಿಕೆ ಎನ್ನಲಾಗದು ಎಂದು ವಾದಿಸುವುದಕ್ಕೆ ಅವಕಾಶವಿದೆ.

ಗೊಂಬೆಯನ್ನು ನಾಲ್ಕು ದಿಕ್ಕಿನಿಂದ, ಪಾದದ ಗಂಟುಗಳನ್ನೂ ಕೀಲುಗಳನ್ನೂ ಹತ್ತಿರದಿಂದ ಚಿತ್ರಿಸಿ. ಪರಿಚಯದ ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಸೈಸರ್ ಕಳೆದುಕೊಂಡ ಪಿವಿಸಿಯ ತೂಕ ಕಡಿಮೆಯಾಗುತ್ತದೆ, ಮತ್ತು ಆ ಅಂಕಿ ಮಾತಿಗಿಂತ ಬಲವಾದದ್ದು. ಇದರ ಜೊತೆಗೆ ಕಪಾಟಿನೊಳಗೆ ಉಷ್ಣತೆ ಮತ್ತು ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಇಟ್ಟು, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಮಧ್ಯಾಹ್ನದ ಅಂಕಿಯ ಫೋಟೊ ತೆಗೆದಿಡಿ. "ಬಿಸಿಯಲ್ಲಿ ಇಟ್ಟಿದ್ದೀರಿ" ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲ.

ನಾಲ್ಕನೆಯ ಹೆಜ್ಜೆ: ನಮ್ಮ ಕಡೆಯಿಂದ ತಪ್ಪಾಗದಂತೆ ಇಡುವುದು

ಜಾಗದ ಆಯ್ಕೆಯೇ ಅರ್ಧ ಕೆಲಸ. ನೆಲಮಹಡಿಯ ಒಳಗೋಡೆಯ ಪಕ್ಕ, ಪಶ್ಚಿಮದ ಬಿಸಿಲು ಬೀಳದ ಕಡೆ ಕಪಾಟು ಇರಲಿ. ಶೀಟಿನ ಮನೆ, ತಾರಸಿಗೆ ತಾಗಿದ ಸಜ್ಜೆ, ಟಿವಿ ಅಥವಾ ಫ್ರಿಜ್ಜಿನ ಮೇಲ್ಭಾಗ ಯಾವುದೂ ಬೇಡ. ಪಾವಗಡ, ಶಿರಾ ಕಡೆಯ ಒಣ ಬಿಸಿಲಿನ ಊರುಗಳಲ್ಲಿ ಕಿಟಕಿಗೆ ದಪ್ಪ ಪರದೆ ಹಾಕದೆ ಗಾಜಿನ ಶೋಕೇಸ್ ಇಡುವುದು ಗೊಂಬೆಯನ್ನು ಒಲೆಯ ಪಕ್ಕ ಇಟ್ಟಂತೆಯೇ. ಶೋಕೇಸಿನೊಳಗೆ ಹಳೆಯ ಹ್ಯಾಲೋಜನ್ ದೀಪಗಳಿದ್ದರೆ ತೆಗೆದು ಎಲ್‌ಇಡಿ ಹಾಕಿಸಿ, ಅದಕ್ಕೆ ವಿದ್ಯುತ್ ಒದಗಿಸುವ ಡ್ರೈವರ್ ಪೆಟ್ಟಿಗೆಯನ್ನು ಕಪಾಟಿನ ಹೊರಗಿಡಿ.

ದಸರೆಯ ಬೊಂಬೆಗಳ ಜೊತೆ ಪ್ಲಾಸ್ಟಿಕ್ ಗೊಂಬೆಗಳನ್ನೂ ಜೋಡಿಸಿ, ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಒಂದೇ ಟ್ರಂಕಿನಲ್ಲಿಟ್ಟು ನುಸಿಗುಳಿಗೆ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಪಟ್ಟದ ಬೊಂಬೆಯ ಸೀರೆಗೆ ಅದು ರಕ್ಷಣೆ ನಿಜ, ಆದರೆ ನುಸಿಗುಳಿಗೆಯ ಆವಿ ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಿ ಕೆಡಿಸಬಲ್ಲದು. ಪ್ಲಾಸ್ಟಿಕ್ ಗೊಂಬೆಗಳಿಗೆ ಬೇರೆ ಪೆಟ್ಟಿಗೆ ಇರಲಿ. ಒಂದಕ್ಕೊಂದು ತಾಗದಂತೆ ಪ್ರತಿಯೊಂದನ್ನೂ ಆಮ್ಲರಹಿತ ಬಿಳಿ ಟಿಶ್ಯೂ ಕಾಗದದಲ್ಲಿ ಸುತ್ತಿ. ದಿನಪತ್ರಿಕೆ ಬೇಡ, ಅದರ ಮಸಿ ಪಿವಿಸಿಗೆ ಹತ್ತಿದರೆ ಮತ್ತೆ ಹೋಗುವುದಿಲ್ಲ. ಮೆದು ಪಿವಿಸಿ ಚೀಲಗಳನ್ನೂ ಬಳಸಬಾರದು, ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಚೀಲಗಳು ವಾಸಿ.

ಮುಚ್ಚಿಡಬೇಕೇ, ಗಾಳಿಯಾಡಲು ಬಿಡಬೇಕೇ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಅಂಟು ಹೆಚ್ಚುತ್ತದೆ ಎನ್ನುತ್ತಾರೆ ಸಂಗ್ರಹಕಾರರು. ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪ್ಲಾಸ್ಟಿಕ್ ಸಂರಕ್ಷಣೆಯ ಕೆಲಸ ಮಾಡಿದ ಇವೊನ್ ಶಾಶೂವಾ ಅವರ ಅಧ್ಯಯನಗಳು ಬೇರೆಯದನ್ನು ತೋರಿಸಿವೆ: ಗಾಳಿ ಬದಲಾಗದ ಮುಚ್ಚಿದ ಜಾಗದಲ್ಲಿ ಪಿವಿಸಿ ತನ್ನ ಪ್ಲಾಸ್ಟಿಸೈಸರನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಇದ್ದಿಲಿನಂಥ ಹೀರುವ ವಸ್ತುವನ್ನು ಜೊತೆಗಿಟ್ಟರೆ ಇನ್ನೂ ಬೇಗ ಕಳೆದುಕೊಳ್ಳುತ್ತದೆ. ಎರಡೂ ತಮ್ಮ ಮಟ್ಟಿಗೆ ನಿಜ. ಒಂದು ಮೇಲ್ಮೈಯ ಅಂಟಿನ ಮಾತು, ಇನ್ನೊಂದು ದಶಕಗಳ ಬಾಳಿಕೆಯ ಮಾತು. ಮನೆಯ ಸಂಗ್ರಹಕ್ಕೆ ನನ್ನ ಸಲಹೆ ಎಂದರೆ ಗೊಂಬೆಯನ್ನು ಬಾಗಿಲು ಇರುವ ಗಾಜಿನ ಕಪಾಟಿನಲ್ಲಿ ತಂಪಾಗಿ ಇಡುವುದು, ದೂಳು ತಡೆಯುವುದು, ಇದ್ದಿಲು ಇಡದಿರುವುದು. ಆದರೆ ಮೂಲ ಪೆಟ್ಟಿಗೆಯ ಟ್ರೇಗೆ ಮೈ ಒತ್ತಿಕೊಂಡಂತೆ ವರ್ಷಗಟ್ಟಲೆ ಬಿಡುವುದು ಎರಡೂ ಲೆಕ್ಕದಲ್ಲಿ ಕೆಟ್ಟದ್ದು.

ಐದನೆಯ ಹೆಜ್ಜೆ: ಕೆಡುಕು ಕಂಡ ಕೂಡಲೇ

ಮೊದಲು ಏನನ್ನೂ ತೊಳೆಯಬೇಡಿ, ಅಂಟಿಸಬೇಡಿ, ನೆಟ್ಟಗೆ ಮಾಡಬೇಡಿ. ದುರಸ್ತಿ ಮಾಡಿದ ಗೊಂಬೆ ಸಾಕ್ಷ್ಯವಾಗಿ ಉಳಿಯುವುದಿಲ್ಲ. "ನೀವೇ ಹಾಳು ಮಾಡಿದಿರಿ" ಎನ್ನಲು ಎದುರು ಪಕ್ಷಕ್ಕೆ ದಾರಿಯಾಗುತ್ತದೆ. ಪಕ್ಕದ ಗೊಂಬೆಗಳನ್ನು ದೂರ ಸರಿಸಿ, ಅದೇ ಬೆಳಕಿನಲ್ಲಿ, ಮೊದಲ ದಿನ ತೆಗೆದ ಅದೇ ಕೋನಗಳಿಂದ ಫೋಟೊ ತೆಗೆಯಿರಿ. ಮೇಲ್ಮೈಯನ್ನು ಬಿಳಿ ಟಿಶ್ಯೂವಿನಿಂದ ಒತ್ತಿ, ಅದರ ಮೇಲೆ ಮೂಡುವ ಎಣ್ಣೆಯ ಕಲೆಯನ್ನೂ ಚಿತ್ರಿಸಿ, ಟಿಶ್ಯೂವನ್ನು ಪಾಲಿಥೀನ್ ಚೀಲದಲ್ಲಿ ದಿನಾಂಕ ಬರೆದಿಡಿ. ಮತ್ತೆ ತೂಗಿಸಿ. ಬಿದ್ದ ಚೂರುಗಳನ್ನು, ಪುಡಿಯನ್ನು ಸಹ ಎಸೆಯಬೇಡಿ.

ಅದೇ ಮಾದರಿ ಇರುವ ಬೇರೆಯವರನ್ನು ಕೇಳಿ. ತುಮಕೂರಿನಲ್ಲಿ ನಿಮ್ಮದು ಅಂಟಾಗಿ, ಮಡಿಕೇರಿಯ ತಂಪಿನಲ್ಲಿರುವವರದೂ ಅದೇ ಸಮಯದಲ್ಲಿ ಅಂಟಾಗಿದ್ದರೆ ಹವಾಮಾನದ ನೆಪ ಬಿದ್ದುಹೋಗುತ್ತದೆ.

ತಯಾರಕರ ಉತ್ತರ ಸಿಕ್ಕು ವಿಷಯ ಮುಗಿದ ಮೇಲೆ, ಅಥವಾ ದೂರು ಕೊಡುವುದೇ ಬೇಡವೆಂದು ತೀರ್ಮಾನಿಸಿದ ಮೇಲೆ ಮಾತ್ರ ಆರೈಕೆ. ಅಂಟಾದ ಪಿವಿಸಿಯನ್ನು ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆಯ ಬ್ರಷ್ಷಿನಿಂದ ತೊಳೆದು, ನೆರಳಿನಲ್ಲಿ ಒಣಗಿಸಿ. ನಮ್ಮ ಬೋರ್‌ವೆಲ್ ನೀರು ಗಡುಸಾದ್ದರಿಂದ ಕೊನೆಯ ತೊಳೆತಕ್ಕೆ ಫಿಲ್ಟರ್ ನೀರು ಬಳಸದಿದ್ದರೆ ಕಪ್ಪು ಬಣ್ಣದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಥಿನ್ನರ್, ಅಸಿಟೋನ್, ಪೆಟ್ರೋಲ್, ಸೀಮೆಎಣ್ಣೆ ಯಾವುದೂ ಬೇಡ. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರುವುದು, ಲೋಹದ ಕಾರನ್ನು ಹಿತ್ತಾಳೆ ಪಾತ್ರೆಯ ಹಾಗೆ ಹುಣಸೆಹಣ್ಣಿನಿಂದ ಉಜ್ಜುವುದು ಎರಡೂ ಹಾನಿ. ಹುಣಸೆಯ ಆಮ್ಲ ಸತುವನ್ನು ತಿನ್ನುತ್ತದೆ. ಬಾಗಿದ ಪಿವಿಸಿ ಕಾಲನ್ನು ಸುಮಾರು 60 ಡಿಗ್ರಿ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮೆತ್ತಗಾದಾಗ ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಿನಲ್ಲಿ ಹಿಡಿದರೆ ಆ ಆಕಾರದಲ್ಲಿ ನಿಲ್ಲುತ್ತದೆ, ಆದರೆ ಮುಂದಿನ ಬೇಸಿಗೆಗೆ ಮತ್ತೆ ಬಾಗಬಹುದು. ಹಳದಿಯಾದ ಎಬಿಎಸ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡುವ ವಿಧಾನವನ್ನು ನಾನು ಸೂಚಿಸುವುದಿಲ್ಲ. ಬಿಳಿ ಬಣ್ಣ ಸ್ವಲ್ಪ ಕಾಲ ಮರಳುತ್ತದೆ, ವಸ್ತುವಿಗೆ ಮಾತ್ರ ಒಳ್ಳೆಯದಾಗುವುದಿಲ್ಲ.

ಆರನೆಯ ಹೆಜ್ಜೆ: ಯಾರನ್ನು, ಯಾವ ಕಾನೂನಿನಡಿ ಕೇಳುವುದು

ಗ್ರಾಹಕರ ಸಂರಕ್ಷಣಾ ಕಾಯ್ದೆ 2019, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಪ್ರತ್ಯೇಕ ಅಧ್ಯಾಯವೇ ಇದೆ ಎಂದು ಕೇಳಿ ಹಲವರು ನೇರವಾಗಿ ಅದನ್ನೇ ಹಿಡಿಯುತ್ತಾರೆ. ಇಲ್ಲಿ ಎಚ್ಚರ ಬೇಕು. ಆ ಅಧ್ಯಾಯದ ಹಾನಿ ಎಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಉತ್ಪನ್ನಕ್ಕೇ ಆದ ಕೆಡುಕು ಸೇರುವುದಿಲ್ಲ. ಅಂದರೆ ಗೊಂಬೆ ತಾನೇ ಅಂಟಾದರೆ ಅಥವಾ ಪುಡಿಯಾದರೆ ಆ ದಾರಿ ತೆರೆಯುವುದಿಲ್ಲ. ಅದರಿಂದ ಜಿನುಗಿದ ಪ್ಲಾಸ್ಟಿಸೈಸರ್ ನಿಮ್ಮ ಇನ್ನೊಂದು ಗೊಂಬೆಯನ್ನೋ ಕಪಾಟಿನ ಪಾಲಿಶನ್ನೋ ಕೆಡಿಸಿದರೆ ಮಾತ್ರ ತೆರೆಯುತ್ತದೆ. ಗೊಂಬೆಗೇ ಆದ ಕೆಡುಕಿಗೆ ಹಿಡಿಯಬೇಕಾದದ್ದು ಸೆಕ್ಷನ್ 2(10)ರ ದೋಷ ಎಂಬ ವ್ಯಾಖ್ಯೆ. ಕಾನೂನಿನಿಂದಾಗಲಿ, ಸ್ಪಷ್ಟ ಅಥವಾ ಧ್ವನಿತ ಒಪ್ಪಂದದಿಂದಾಗಲಿ, ಮಾರುವವರ ಹೇಳಿಕೆಯಿಂದಾಗಲಿ ಇರಬೇಕಾದ ಗುಣಮಟ್ಟದಲ್ಲಿನ ಕೊರತೆಯೇ ದೋಷ. 1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 16, ವಿವರಣೆಯ ಮೇಲೆ ಮಾರಿದ ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು ಎನ್ನುವುದರಿಂದ ಧ್ವನಿತ ಒಪ್ಪಂದದ ವಾದಕ್ಕೆ ಆಧಾರವೂ ಇದೆ. ಪೆಟ್ಟಿಗೆಯಲ್ಲಿ ವಾರಂಟಿ ಕಾರ್ಡ್ ಇಲ್ಲ ಎಂದ ಮಾತ್ರಕ್ಕೆ ಹಕ್ಕು ಇಲ್ಲವೆಂದಲ್ಲ.

ತಯಾರಕರು ಜಪಾನಿನಲ್ಲೋ ಚೀನಾದಲ್ಲೋ ಇದ್ದಾರೆ, ಅವರನ್ನು ಎಲ್ಲಿ ಹುಡುಕುವುದು ಎಂಬ ಪ್ರಶ್ನೆ ಏಳುತ್ತದೆ. ಕಾಯ್ದೆಯ ಪ್ರಕಾರ ಆಮದು ಮಾಡುವವರೂ ಉತ್ಪನ್ನದ ಮಾರಾಟಗಾರರೇ. ಪಕ್ಕದ ವಸ್ತುಗಳಿಗೆ ಹಾನಿಯಾದ ಪ್ರಕರಣಗಳಲ್ಲಿ, ತಯಾರಕರಿಗೆ ನೋಟಿಸ್ ತಲುಪಿಸಲಾಗದಿದ್ದರೆ ಅಥವಾ ಅವರು ಭಾರತದ ಕಾನೂನಿಗೆ ಒಳಪಡದಿದ್ದರೆ ಮಾರಾಟಗಾರರೇ ಹೊಣೆ ಎಂದು ಸೆಕ್ಷನ್ 86 ಹೇಳುತ್ತದೆ. ಗೊಂಬೆಗೇ ಆದ ದೋಷದ ದೂರಿನಲ್ಲೂ ಅಂಗಡಿ ಮತ್ತು ಆಮದುದಾರ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ. ವಿದೇಶಿ ಜಾಲತಾಣದಿಂದ ನೇರವಾಗಿ ತರಿಸಿಕೊಂಡವರಿಗೆ ಈ ಆಸರೆ ಇಲ್ಲ. ದುಬಾರಿ ಗೊಂಬೆಯನ್ನು ಭಾರತದ ಆಮದುದಾರರ ಚೀಟಿ ಇರುವಲ್ಲಿ ಸ್ವಲ್ಪ ಹೆಚ್ಚು ಕೊಟ್ಟು ಕೊಳ್ಳುವುದು ಜಾಣತನ ಎಂದು ನಾನು ಹೇಳುವುದು ಇದಕ್ಕೇ. ಮರುಮಾರಾಟದ ಲಾಭಕ್ಕೆಂದು ಕೊಂಡವರು ಕಾಯ್ದೆಯ ದೃಷ್ಟಿಯಲ್ಲಿ ಗ್ರಾಹಕರಲ್ಲ, ಇದನ್ನೂ ನೆನಪಿಡಬೇಕು.

ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಪೆಟ್ಟಿಗೆಯ ಮೇಲೆ 15 ವರ್ಷ ಮೇಲ್ಪಟ್ಟವರಿಗೆ ಎಂದು ಅಚ್ಚು ಹಾಕಿದ ಗೊಂಬೆಗಳು ಈ ವ್ಯಾಪ್ತಿಯ ಹೊರಗೆ ಉಳಿಯುತ್ತವೆ. ಆ ಅಕ್ಷರಗಳಿದ್ದರೂ ಅಂಗಡಿಯಲ್ಲಿ ಮಕ್ಕಳ ಸಾಲಿನಲ್ಲೇ ಇಟ್ಟು ಮಾರುತ್ತಿದ್ದರೆ ಅದರ ಫೋಟೊ ಇರಲಿ. ಅಂಟು ಜಿನುಗುವ ಗೊಂಬೆಯನ್ನು ಸಣ್ಣ ಮಕ್ಕಳ ಕೈಗೆ, ಬಾಯಿಗೆ ಸಿಗದಂತೆ ಇಡುವುದು ಮಾತ್ರ ಯಾವ ಕಾನೂನಿಗೂ ಕಾಯಬಾರದ ಕೆಲಸ.

ಏಳನೆಯ ಹೆಜ್ಜೆ: ಪತ್ರದಿಂದ ಆಯೋಗದವರೆಗೆ

ಮೊದಲ ಪತ್ರ ಇಮೇಲ್ ಮೂಲಕವೂ ಸ್ಪೀಡ್ ಪೋಸ್ಟ್ ಮೂಲಕವೂ ಹೋಗಲಿ. ಭಾಷೆ ಶಾಂತವಾಗಿರಲಿ, ಕೇಳಿಕೆ ಸ್ಪಷ್ಟವಾಗಿರಲಿ. ಹೀಗೆ ಬರೆಯಬಹುದು:

"ಮಾನ್ಯರೇ, ನಿಮ್ಮಿಂದ ಇಂಥ ದಿನಾಂಕದಂದು, ಇಂಥ ಬಿಲ್ ಸಂಖ್ಯೆಯಲ್ಲಿ ಖರೀದಿಸಿದ ಗೊಂಬೆಯ ಮೇಲ್ಮೈಯಿಂದ ಇಂಥ ದಿನಾಂಕದಿಂದ ಎಣ್ಣೆಯಂಥ ದ್ರವ ಜಿನುಗುತ್ತಿದೆ. ಗೊಂಬೆಯನ್ನು ನೇರ ಬಿಸಿಲು ಬೀಳದ ಕಪಾಟಿನಲ್ಲಿ ಇಡಲಾಗಿದ್ದು, ಕಪಾಟಿನ ಉಷ್ಣತೆಯ ದಾಖಲೆಯನ್ನು ಲಗತ್ತಿಸಿದ್ದೇನೆ. ಅದೇ ಕಪಾಟಿನಲ್ಲಿರುವ ಇತರ ಪಿವಿಸಿ ಗೊಂಬೆಗಳಲ್ಲಿ ಈ ತೊಂದರೆ ಇಲ್ಲ. ಇದು ವಸ್ತುವಿನ ದೋಷವೆಂದು ನಾನು ಭಾವಿಸುತ್ತೇನೆ. ಹದಿನೈದು ದಿನಗಳೊಳಗೆ ಗೊಂಬೆಯನ್ನು ಬದಲಿಸಿಕೊಡಬೇಕು ಅಥವಾ ಪೂರ್ತಿ ಬೆಲೆ ಹಿಂದಿರುಗಿಸಬೇಕು ಎಂದು ಕೋರುತ್ತೇನೆ."

ಆನ್‌ಲೈನ್ ಅಂಗಡಿಯಾದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ನೋಂದಾಯಿಸಿ. ಅಲ್ಲಿಂದ ಆದೇಶ ಬರುವುದಿಲ್ಲ, ಆದರೆ ಕಂಪನಿಗೆ ದೂರು ತಲುಪಿದ ದಾಖಲೆ ಸಿಗುತ್ತದೆ.

ಅದಕ್ಕೂ ಬಗ್ಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ಸಲ್ಲಿಸಬಹುದು. ಅಂಗಡಿ ಮುಂಬೈಯಲ್ಲಿದ್ದರೂ ಸರಿ, ಗ್ರಾಹಕರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಸೆಕ್ಷನ್ 34 ಅವಕಾಶ ಕೊಡುತ್ತದೆ. ಕೊಟ್ಟ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಒಳಗೆ ಅಡಗಿದ್ದ ದೋಷವಾದರೆ ಅದು ಹೊರಗೆ ಕಂಡ ದಿನವನ್ನೇ ಆ ದಿನವೆಂದು ವಾದಿಸಿ. ಎದುರು ಪಕ್ಷ ಖರೀದಿಯ ದಿನವನ್ನು ಹಿಡಿಯುತ್ತದೆ, ಆದ್ದರಿಂದ ವಿಳಂಬ ಮನ್ನಿಸುವ ಅರ್ಜಿಯನ್ನೂ ಜೊತೆಗಿಡುವುದು ಕ್ಷೇಮ. ಒಂದೇ ಬ್ಯಾಚಿನಿಂದ ನೊಂದವರು ಹಲವರಿದ್ದರೆ ಆಯೋಗದ ಅನುಮತಿಯೊಂದಿಗೆ ಎಲ್ಲರ ಪರವಾಗಿ ಒಂದೇ ದೂರು ಸಲ್ಲಿಸಬಹುದು.

ದೋಷ ಕಣ್ಣಿಗೆ ಕಾಣುವಂಥದ್ದಲ್ಲ ಎನಿಸಿದರೆ ಆಯೋಗ ಮಾದರಿಯನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ, ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕು. ಗೊಂಬೆಯ ಬೆಲೆಗಿಂತ ಪರೀಕ್ಷೆಯ ಖರ್ಚು ಹೆಚ್ಚಾಗುವಂತಿದ್ದರೆ ದೂರು ಕೊಡುವ ಮೊದಲೇ ಯೋಚಿಸಿ. ದುಬಾರಿ ಪ್ರತಿಮೆಯಾದರೆ ಮೊದಲೇ ಒಂದು ಅಭಿಪ್ರಾಯ ಪಡೆಯಲು ಮೈಸೂರಿನಲ್ಲಿ ಪ್ಲಾಸ್ಟಿಕ್ ಪರೀಕ್ಷೆ ಮಾಡುವ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆ ಇದೆ. ವಿಚಾರಣೆಯನ್ನು ಪರೀಕ್ಷೆ ಬೇಡದಿದ್ದರೆ ಮೂರು ತಿಂಗಳಲ್ಲಿ, ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯಬಹುದು. ದೋಷ ಸರಿಪಡಿಸುವುದು, ಹೊಸದನ್ನು ಕೊಡುವುದು, ಬೆಲೆ ಹಿಂದಿರುಗಿಸುವುದು, ಪರಿಹಾರ ಕೊಡುವುದು ಈ ಎಲ್ಲವನ್ನೂ ಆಯೋಗ ಆದೇಶಿಸಬಹುದು.

ನಡುವೆ ಕಂಪನಿಯವರು ರಾಜಿಗೆ ಬಂದರೆ ಒಪ್ಪಿಗೆಪತ್ರವನ್ನು ಪೂರ್ತಿ ಓದಿ. ಬದಲಿ ಗೊಂಬೆ ಕೊಡುವುದಾದರೆ ಅದು ಬೇರೆ ಲಾಟಿನದೇ ಎಂದು ಬರಹದಲ್ಲಿ ಪಡೆಯಿರಿ, ಅದೇ ಲಾಟಿನ ಗೊಂಬೆ ಬಂದರೆ ಮುಂದಿನ ಬೇಸಿಗೆಗೆ ಅದೇ ಅಂಟು ಕಾಣಬಹುದು. ಹಳೆಯ ಗೊಂಬೆಯನ್ನು ವಾಪಸು ಕೇಳಿದರೆ, ಕಳುಹಿಸುವ ಮುನ್ನ ಎಲ್ಲ ಫೋಟೊಗಳೂ ಎಣ್ಣೆ ಹೀರಿದ ಟಿಶ್ಯೂವೂ ತೂಕದ ಚೀಟಿಯೂ ನಿಮ್ಮ ಬಳಿ ಇವೆಯೇ ಎಂದು ನೋಡಿಕೊಳ್ಳಿ, ಮತ್ತು ಬದಲಿ ಗೊಂಬೆ ಕೈಗೆ ಬಂದು, ಪೆಟ್ಟಿಗೆ ತೆರೆದು ನೋಡುವವರೆಗೆ ದೂರನ್ನು ಹಿಂತೆಗೆದುಕೊಳ್ಳಬೇಡಿ.